ಧ್ವಜಕ್ಕಿಂತ ಮೊದಲು ಶಾಲೆ: ಹವಾಯಿಯ ಪ್ರಸಂಗ



ಸಾಮ್ರಾಜ್ಯ ವಿಸ್ತರಣೆಯ ಪಾಠದಲ್ಲಿ ಯುದ್ಧ, ಒಪ್ಪಂದ, ಧ್ವಜಗಳ ಮಾತು ಮೊದಲು ಬರುತ್ತದೆ; ಶಾಲೆಯ ಮಾತು ಬಂದರೆ ಕೊನೆಗೆ. ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಕ್ರಮ ಬೇರೆಯಾಗಿತ್ತು. ಅಲ್ಲಿ ಶಾಲೆಯ ಭಾಷೆಯನ್ನು ಕಾಯಿದೆಯು 1896ರಲ್ಲಿ ಬದಲಿಸಿತು. ಅಮೆರಿಕದ ಧ್ವಜ ಏರಿದ್ದು 1898ರಲ್ಲಿ.

1820ರಲ್ಲಿ ಅಮೆರಿಕದ ಪಾದ್ರಿಗಳು ಬಂದಾಗ ಹವಾಯಿ ಭಾಷೆಗೆ ಲಿಪಿಯಿರಲಿಲ್ಲ. ಅವರು ರೋಮನ್ ಅಕ್ಷರಗಳನ್ನು ಹೊಂದಿಸಿಕೊಟ್ಟರು. ಅರಸರೂ ಪ್ರಜೆಗಳೂ ಆ ವಿದ್ಯೆಯನ್ನು ಬೇಗನೆ ತಮ್ಮದಾಗಿಸಿಕೊಂಡರು. 1834ರಲ್ಲಿ ಲಹೈನಾಲುನಾ ಶಾಲೆಯಿಂದ ಆ ಭಾಷೆಯ ಮೊದಲ ಪತ್ರಿಕೆ ಹೊರಟಿತು.

ಅತ್ತ ಕಬ್ಬಿನ ತೋಟಗಳು ಬೆಳೆದವು. 1875ರ ಒಪ್ಪಂದದಿಂದ ಹವಾಯಿಯ ಸಕ್ಕರೆಗೆ ಅಮೆರಿಕದಲ್ಲಿ ಸುಂಕವಿಲ್ಲದಂತಾಗಿ, ಅಮೆರಿಕ ಮತ್ತು ಯುರೋಪು ಮೂಲದ ತೋಟದ ಒಡೆಯರ ಬಲ ಹೆಚ್ಚಿತು. 1893ರ ಜನವರಿಯಲ್ಲಿ, ಬೋಸ್ಟನ್ ಎಂಬ ಅಮೆರಿಕದ ಯುದ್ಧನೌಕೆಯಿಂದ ಸೈನಿಕರು ದಡಕ್ಕಿಳಿದ ಮರುದಿನ, ಈ ಗುಂಪು ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿತು. ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಇದನ್ನು ಅನ್ಯಾಯವೆಂದರು. ರಾಣಿಗೆ ಸಿಂಹಾಸನ ಮಾತ್ರ ಮರಳಲಿಲ್ಲ.

ಹೊಸ ಆಡಳಿತದ 1896ರ ಕಾಯಿದೆಯಲ್ಲಿ ಹವಾಯಿ ಭಾಷೆಯನ್ನು ನಿಷೇಧಿಸಿದೆ ಎಂಬ ವಾಕ್ಯವೇ ಇಲ್ಲ. ಸರ್ಕಾರಿ, ಖಾಸಗಿ ಶಾಲೆಗಳೆಲ್ಲದರಲ್ಲೂ ಬೋಧನಾ ಮಾಧ್ಯಮ ಇಂಗ್ಲಿಷೇ ಆಗಿರಬೇಕು, ಪಾಲಿಸದ ಶಾಲೆಗೆ ಮಾನ್ಯತೆಯಿಲ್ಲ ಎಂದಿದೆ, ಅಷ್ಟೆ. ಮತ್ತೊಂದು ಸಂಗತಿಯನ್ನೂ ವಿದ್ಯಾರ್ಥಿಗಳಿಂದ ಮರೆಮಾಚಬಾರದು: ಅಷ್ಟರಲ್ಲಾಗಲೇ ಬಹುಪಾಲು ಪಾಲಕರು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸತೊಡಗಿದ್ದರು. ಆದರೆ ಇಚ್ಛೆಯಿಂದ ಹೋದವರಿಗೆ ಹಿಂದಿರುಗುವ ದಾರಿ ಇರುತ್ತದೆ. ಕಾಯಿದೆ ಆ ದಾರಿಯನ್ನು ಮುಚ್ಚಿತು.

1897ರಲ್ಲಿ ಅಮೆರಿಕದೊಡನೆ ವಿಲೀನವನ್ನು ವಿರೋಧಿಸುವ ಮನವಿಗೆ ಸ್ತ್ರೀಪುರುಷರು ಊರೂರಿನಲ್ಲಿ ಸಹಿ ಹಾಕಿದರು. ಮೂಲನಿವಾಸಿಗಳ ಸಂಖ್ಯೆ ಸುಮಾರು 40,000 ಇದ್ದ ನಾಡಿನಲ್ಲಿ ಬಂದ ಸಹಿಗಳು 21,000ಕ್ಕೂ ಹೆಚ್ಚು. ತಮ್ಮ ಭಾಷೆಯ ಶಾಲೆಗಳು ಕಲಿಸಿದ್ದ ಅಕ್ಷರ ಅಲ್ಲಿ ರಾಜಕೀಯ ಆಯುಧವಾಯಿತು. ನಿಯೋಗವು ಮನವಿಯನ್ನು ವಾಷಿಂಗ್ಟನ್ನಿಗೆ ಒಯ್ದಿತು. ವಿಲೀನದ ಒಪ್ಪಂದಕ್ಕೆ ಸೆನೆಟ್‌ನಲ್ಲಿ ಬೇಕಾಗಿದ್ದ ಮೂರನೇ ಎರಡು ಬಹುಮತ ದೊರೆಯಲಿಲ್ಲ. ಮರುವರ್ಷ ಸ್ಪೇನ್ ಯುದ್ಧ ನಡೆದಿರುವಾಗ, ಸರಳ ಬಹುಮತವೇ ಸಾಕಾಗುವ ಜಂಟಿ ನಿರ್ಣಯದಿಂದ ದ್ವೀಪಗಳನ್ನು ಸೇರಿಸಿಕೊಳ್ಳಲಾಯಿತು.

1978ರಲ್ಲಿ ರಾಜ್ಯ ಸಂವಿಧಾನವು ಹವಾಯಿ ಭಾಷೆಗೆ ಇಂಗ್ಲಿಷಿನೊಂದಿಗೆ ಅಧಿಕೃತ ಸ್ಥಾನ ನೀಡಿತು. 1984ರಲ್ಲಿ ಕೌವಾಯಿ ದ್ವೀಪದ ಕೆಕಾಹಾದಲ್ಲಿ, ಹವಾಯಿಯಲ್ಲೇ ಮಾತನಾಡುವ ಶಿಶುವಿಹಾರವೊಂದು ತೆರೆಯಿತು. ಮಾಧ್ಯಮದ ಮೇಲಿನ ಆ ಹಳೆಯ ನಿರ್ಬಂಧ ಆಗಲೂ ಜಾರಿಯಲ್ಲಿತ್ತು. ಪಾಲಕರ ಒತ್ತಾಯದಿಂದ ಅದು ತೆರವಾದದ್ದು 1986ರಲ್ಲಿ. ಸರ್ಕಾರಿ ಶಾಲೆಗಳಲ್ಲಿ ಹವಾಯಿ ಮಾಧ್ಯಮದ ತರಗತಿಗಳು ಮರುವರ್ಷ ಆರಂಭವಾದವು.