ಸೂಜಿ ಕಿತ್ತುಕೊಂಡರೆ ಚಟ ಹೋಗುವುದೇ?
(ಗಿರಣಿ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಮಲಿನ ಮದ್ದು ಚುಚ್ಚಿಕೊಳ್ಳುವವನ ಮಾತೆತ್ತಿದರೆ "ಅಂಥವನಿಗೆ ಲಾಠಿಯೇ ಸರಿ" ಎನ್ನುವವರು ನಮ್ಮಲ್ಲೂ ಇದ್ದಾರೆ. ನಾನು ಚಟದ ವಕೀಲನಲ್ಲ. ಅದು ಬಡವನ ಮನೆಯನ್ನು ಹೇಗೆ ನುಂಗುತ್ತದೆಂಬುದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆದರೆ ಲಾಠಿಯಿಂದ ಏನಾಯಿತೆಂಬುದಕ್ಕೆ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ.

ಸ್ಕಾಟ್‌ಲೆಂಡಿನಲ್ಲಿ ಎಡಿನ್‌ಬರೋ, ಗ್ಲಾಸ್ಗೋ ಎಂಬ ಎರಡು ನಗರಗಳಿವೆ. ನಡುವೆ ರೈಲಿನಲ್ಲಿ ಗಂಟೆಯಷ್ಟು ದಾರಿ. 1980ರ ದಶಕದ ಆರಂಭದಲ್ಲಿ ಎರಡೂ ಕಡೆ, ಕೆಲಸವಿಲ್ಲದ ತರುಣರ ಕೇರಿಗಳಿಗೆ ಹೆರಾಯಿನ್ ನುಗ್ಗಿತು. ಎಡಿನ್‌ಬರೋ ಪೊಲೀಸರು ಸೂಜಿ ಕಂಡಲ್ಲಿ ಕಿತ್ತುಕೊಂಡರು. ಅಂಗಡಿಯಲ್ಲಿ ಸೂಜಿ ಸಿಗುವುದು ದುರ್ಲಭವಾಯಿತು. ಚಟ ನಿಂತಿತೇ? ಇಲ್ಲ. ಒಂದೇ ಸೂಜಿ ಹಲವರ ಕೈ ತಿರುಗಿತು. ಒಬ್ಬನ ರಕ್ತದೊಡನೆ ಎಚ್‌ಐವಿ ಇನ್ನೊಬ್ಬನ ಮೈ ಸೇರಿತು. ಅಲ್ಲಿನ ವೈದ್ಯರು 1986ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪರೀಕ್ಷಿಸಿದ 164 ವ್ಯಸನಿಗಳಲ್ಲಿ ನೂರಕ್ಕೆ 51 ಮಂದಿಗೆ ಸೋಂಕು ತಗಲಿತ್ತು. ಗ್ಲಾಸ್ಗೋದಲ್ಲಿ ಆ ಪ್ರಮಾಣ ಬಹಳ ಕಡಿಮೆಯಿತ್ತು. ಸೂಜಿಯ ಅಭಾವವೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣವೆಂದು ವೈದ್ಯರು ಕಂಡರು. ಅದೇ ವರ್ಷ ಸರ್ಕಾರದ ಸಮಿತಿಯೊಂದು ಶುದ್ಧ ಸೂಜಿ ಕೊಡಬೇಕೆಂದು ಸಲಹೆ ಮಾಡಿತು. 1987ರಿಂದ ಹಳೆಯ ಸೂಜಿಗೆ ಹೊಸ ಸೂಜಿ ಕೊಡುವ ಕೇಂದ್ರಗಳು ತೆರೆದವು.

ಇನ್ನು ನಮ್ಮ ದೇಶದ ಮಾತು. 1985ರ ಮಾದಕ ವಸ್ತು ಕಾಯಿದೆ ಸೇವಿಸಿದವನಿಗೂ ಜೈಲು ವಿಧಿಸುತ್ತದೆ. ಅದೇ ಕಾಯಿದೆಯ 64ಎ ಕಲಮು, ಸ್ವಇಚ್ಛೆಯಿಂದ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಮೊಕದ್ದಮೆಯಿಂದ ಬಿಡಿಸಲು ದಾರಿ ಮಾಡಿದೆ. ಸೋಂಕು ತಡೆಯಲು ಶುದ್ಧ ಸೂಜಿ ಕೊಡುವುದು ಅಪರಾಧವಲ್ಲವೆಂದು 2017ರ ಎಚ್‌ಐವಿ ಕಾಯಿದೆ ಹೇಳುತ್ತದೆ. ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆಯೇ ಅಂಥ ಸೂಜಿ ಹಂಚುವ ಕಾರ್ಯಕ್ರಮ ನಡೆಸುತ್ತದೆ.

ಪುಸ್ತಕದಲ್ಲಿ ಇಷ್ಟೆಲ್ಲ ಇದೆ. ಆದರೆ ಬೀದಿಯಲ್ಲಿ ನಿಂತಿರುವವನು ಪೇದೆ. ಅವನಿಗೆ ಇದನ್ನು ಕಲಿಸದಿದ್ದರೆ, ಸರ್ಕಾರದ ಒಂದು ಕೈ ಕೊಟ್ಟ ಸೂಜಿಯನ್ನು ಇನ್ನೊಂದು ಕೈ ಕಸಿದುಕೊಳ್ಳುತ್ತದೆ. ಹೆದರಿದ ವ್ಯಸನಿ ಕೇಂದ್ರದ ಬಾಗಿಲಿಗೆ ಬರುವುದಿಲ್ಲ. ಕತ್ತಲಲ್ಲಿ ಆತುರದಿಂದ ಚುಚ್ಚಿಕೊಳ್ಳುತ್ತಾನೆ. ಜೊತೆಗಾರ ಉಸಿರುಗಟ್ಟಿ ಬಿದ್ದರೂ, ಪೊಲೀಸರು ಬಂದಾರೆಂದು ವೈದ್ಯರನ್ನು ಕರೆಯುವುದಿಲ್ಲ. ಅವನಿಗೆ ತಗಲಿದ ರೋಗ ಹೆಂಡತಿಗೂ, ಹುಟ್ಟುವ ಮಗುವಿಗೂ ಹೋಗಬಹುದು. ಅವರು ಮಾಡಿದ ತಪ್ಪೇನು?

ಪೇದೆಯೂ ಬಡವರ ಮನೆಯ ಮಗನೇ. ಜೇಬು ತಡಕುವಾಗ ಅಡಗಿಸಿಟ್ಟ ಸೂಜಿ ಚುಚ್ಚುವುದು ಅವನ ಬೆರಳಿಗೇ. ವ್ಯಸನಿ ಭಯವಿಲ್ಲದೆ "ಜೇಬಿನಲ್ಲಿ ಸೂಜಿ ಇದೆ" ಎಂದು ಹೇಳುವಂತಾದರೆ ಇಬ್ಬರಿಗೂ ಕ್ಷೇಮ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು: ಪೊಲೀಸ್ ತರಬೇತಿ ಶಾಲೆಯಲ್ಲಿ ಈ ಕಲಮುಗಳನ್ನೂ, ರೋಗ ಹರಡುವ ಬಗೆಯನ್ನೂ ಕಲಿಸಲಿ. ಚಿಕಿತ್ಸಾ ಕೇಂದ್ರದ ಬಾಗಿಲಲ್ಲಿ ಹೊಂಚು ಹಾಕುವುದು ನಿಲ್ಲಲಿ. ಲಾಠಿಗೆ ಸಿಗುವವನು ಬೀದಿಯ ರೋಗಿ. ಮದ್ದು ಸಾಗಿಸಿ ಲಕ್ಷಾಂತರ ಗಳಿಸುವವನು ಬಂಗಲೆಯಲ್ಲಿದ್ದಾನೆ. ಕಾನೂನಿನ ಕೈ ಅತ್ತ ಚಾಚಲಿ. ರೋಗಿಯನ್ನು ಆಸ್ಪತ್ರೆಗೆ ಬಿಡಲಿ.