ಪರದೆಯ ಗೊಂಬೆ ಯಾವ ಮಾತು ಆಡಬೇಕು?

(ಚಿಕ್ಕೋಡಿಯಲ್ಲಿ ಓದುಗರ ಸಣ್ಣ ಕೂಟವೊಂದರ ಮುಂದೆ ಆಡಿದ ಮಾತುಗಳ ಬರಹರೂಪ)



ಇಂದು ನನಗೆ ಕೊಟ್ಟಿರುವ ವಿಷಯ ಅನಿಮೇಷನ್ ಚಿತ್ರಗಳು ಮತ್ತು ಒಂದರ ಬೆನ್ನಿಗೊಂದು ಬರುವ ಅದ್ಭುತಕಥೆಯ ಸರಣಿ ಚಿತ್ರಗಳು. ನಾನು ಚಿತ್ರ ಮಾಡಿದವನಲ್ಲ, ವಿಮರ್ಶಕನೂ ಅಲ್ಲ. ಟಿಕೀಟು ಕೊಂಡು ನೋಡುವವನು. ನೋಡುಗನೊಬ್ಬನ ಅಭಿಪ್ರಾಯವೆಂದು ಇದನ್ನು ಕೇಳಬೇಕು.

ಈ ಚಿತ್ರಗಳ ಮೇಲೆ ನಮ್ಮ ಕಡೆಯ ಹಿರಿಯರ ದೂರು ಎರಡು. ಇವು ಮಕ್ಕಳಾಟ ಎಂಬುದೊಂದು, ಅದೇ ಪಾತ್ರ, ಅದೇ ಕಥೆ ಮತ್ತೆ ಮತ್ತೆ ಬರುತ್ತದೆ ಎಂಬುದು ಇನ್ನೊಂದು. ನಾನು ಎರಡನ್ನೂ ಒಪ್ಪುವುದಿಲ್ಲ. ಶ್ರೀಕೃಷ್ಣ ಪಾರಿಜಾತಕ್ಕೆ ರಾತ್ರಿಯಿಡೀ ಕೂತ ನಮ್ಮ ಹಿಂದಿನವರು ಮುಂದೇನಾಗುತ್ತದೆ ಎಂದು ತಿಳಿಯಲು ಕೂತಿದ್ದರೇನು? ಹೂವು ರುಕ್ಮಿಣಿಗೆ ಹೋಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಇದು ಕಂಬಳಿ ಹೊದ್ದು ಮಲಗಿದ ಕೂಸಿಗೂ ಗೊತ್ತು. ಈ ಆಟಕ್ಕೆ ರಂಗದ ರೂಪ ಕೊಟ್ಟ ತಮ್ಮಣ್ಣನ ಕುಲಗೋಡ ನಮ್ಮ ರಾಯಬಾಗಕ್ಕೆ ದೂರದ ಊರೇನಲ್ಲ. ಜನ ಕಾದದ್ದು ಕಥೆಗಲ್ಲ, ಈ ಸಲದ ಭಾಮೆ ಹೇಗೆ ಮುನಿಯುತ್ತಾಳೆ, ದೂತಿ ಅವಳಿಗೆ ಏನು ಉತ್ತರ ಕೊಡುತ್ತಾಳೆ ಎಂಬುದಕ್ಕೆ. ಗೊತ್ತಿರುವ ಪಾತ್ರವನ್ನು ಮತ್ತೆ ನೋಡುವ ಸುಖವನ್ನು ನಮಗೆ ಅಮೆರಿಕದವರು ಕಲಿಸಬೇಕಾಗಿರಲಿಲ್ಲ.

ಮಕ್ಕಳಾಟ ಎನ್ನುವ ಮಾತಿಗೆ ತೊಗಲುಗೊಂಬೆಯೇ ಉತ್ತರ. ಆಡಿನ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಬಣ್ಣ ಹಾಕಿ, ಬಿಳಿಯ ಪರದೆಯ ಹಿಂದೆ ದೀಪ ಇಟ್ಟು ಕುಣಿಸುತ್ತಿದ್ದರು. ರಾಜನ ಗೊಂಬೆ ದೊಡ್ಡದು, ಆಳಿನ ಗೊಂಬೆ ಸಣ್ಣದು. ಆದರೆ ನಗೆ ಎಬ್ಬಿಸುವವನು ಕಿಳ್ಳೇಕ್ಯಾತ. ಆಡಿಸುವ ಸಮುದಾಯಕ್ಕೂ ಅವನ ಹೆಸರೇ ಬಂತು. ನಮ್ಮ ಗಡಿಯವರು ಗಮನಿಸಬೇಕಾದ ಸಂಗತಿ ಒಂದಿದೆ. ಈ ಜನರ ಮನೆಮಾತು ಮರಾಠಿಯ ಒಂದು ಬಗೆ. ಮನೆಯಲ್ಲಿ ಆ ಮಾತು ಆಡಿದವರು ಪರದೆಯ ಹಿಂದೆ ಕೂತೊಡನೆ ರಾವಣನನ್ನು ಕನ್ನಡದಲ್ಲಿ ಗರ್ಜಿಸುವಂತೆ ಮಾಡಿದರು. ಆಟ ಯಾವ ಊರಲ್ಲಿ ನಡೆಯುತ್ತದೆಯೋ ಗೊಂಬೆ ಆ ಊರಿನ ಮಾತು ಆಡಬೇಕೆಂಬುದು ಅವರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಸಿನೆಮಾ ಬಂದಾಗಲೂ ಮೊದಲು ಬಂದದ್ದು ಅದ್ಭುತಕಥೆಯೇ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಆದರೆ ಅದನ್ನು ತೆಗೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿಲೋಮೀಟರು. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಕನ್ನಡ ಮಾತಾಡಿದ್ದು ಮರಾಠಿ ಊರಿನ ಸ್ಟುಡಿಯೋದಲ್ಲಿ. ಅದೇ ಕೊಲ್ಲಾಪುರದಲ್ಲಿ 1929ರಲ್ಲಿ ಹುಟ್ಟಿ ಪುಣೆಗೆ ಹೋದ ಪ್ರಭಾತ್ ಕಂಪನಿ 1936ರ 'ಸಂತ ತುಕಾರಾಮ'ದಲ್ಲಿ ತುಕಾರಾಮರನ್ನು ವೈಕುಂಠಕ್ಕೆ ಏರಿಸಿ ತೋರಿಸಿತು. ಆಗ ಕಂಪ್ಯೂಟರ್ ಎಲ್ಲಿತ್ತು? ಅದಕ್ಕೂ ಹಿಂದೆ, 1910ರ ದಶಕದಲ್ಲಿಯೇ, ದಾದಾಸಾಹೇಬ ಫಾಲ್ಕೆಯವರು ಬೆಂಕಿಕಡ್ಡಿಗಳನ್ನು ಕುಣಿಸಿದ್ದರು. ಕಡ್ಡಿಯನ್ನು ತುಸು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ತುಸು ಸರಿಸುವುದು. ಅನಿಮೇಷನ್ನಿನ ಗುಟ್ಟು ಇಷ್ಟೇ.

ಈ ಗುಟ್ಟನ್ನು ಬಲ್ಲವರು ಅದನ್ನು ಕಥೆಗೆ ಹೇಗೆ ದುಡಿಸುತ್ತಾರೆ ಎಂಬುದಕ್ಕೆ ನನಗೆ ಮೆಚ್ಚಿಗೆಯಾದ ಒಂದು ಉದಾಹರಣೆ ಹೇಳುತ್ತೇನೆ. ಚಿತ್ರದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಚೌಕಟ್ಟಿಗೊಂದು ಹೊಸ ಭಂಗಿ ಕೊಟ್ಟರೆ ಚಲನೆ ನೀರಿನಂತೆ ಹರಿಯುತ್ತದೆ. ಎರಡು ಚೌಕಟ್ಟಿಗೆ ಒಂದೇ ಭಂಗಿ ಇಟ್ಟರೆ ತುಸು ತಡವರಿಸಿದಂತೆ ಕಾಣುತ್ತದೆ. 2018ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರದಲ್ಲಿ ಪಳಗಿದ ನಾಯಕನಿಗೆ ಮೊದಲನೆಯ ಚಲನೆ, ಹೊಸದಾಗಿ ಕಲಿಯುವ ಹುಡುಗ ಮೈಲ್ಸ್‌ಗೆ ಎರಡನೆಯದು. ಹುಡುಗ ಎಡವುತ್ತಿದ್ದಾನೆ ಎಂಬುದು ಮಾತಿಲ್ಲದೆ ಕಣ್ಣಿಗೆ ತಿಳಿಯುತ್ತದೆ. ಗೊಂಬೆಯವನ ಕೈಗುಣ ಎಂದು ನಾವು ಹೇಳುತ್ತಿದ್ದೆವಲ್ಲ, ಅದೇ ಇದು. ಇಂಥದ್ದನ್ನು ಮಕ್ಕಳಾಟ ಎಂದು ತಳ್ಳಿಹಾಕಿದರೆ ನಷ್ಟ ನಮ್ಮದೇ.

ಹಾಗಾದರೆ ನನಗೆ ತಕರಾರೇ ಇಲ್ಲವೆ? ಇದೆ. ನಮ್ಮ ಓಣಿಯಲ್ಲಿ ಸಂಜೆ ಆಡುವ ಹುಡುಗರನ್ನು ನೋಡಿ. ಟವೆಲು ಬೆನ್ನಿಗೆ ಕಟ್ಟಿಕೊಂಡು ಹಾರುವಾಗ, ಒಬ್ಬರನ್ನೊಬ್ಬರು ಬೆದರಿಸುವಾಗ ಅವರ ಬಾಯಲ್ಲಿ ಬರುವುದು ಹಿಂದಿ. ಆಟ ಮುಗಿದು ಹೊಟ್ಟೆ ಚುರುಗುಟ್ಟಿದಾಗ ಒಬ್ಬ 'ಅವ್ವಾ, ಹಸಿವಾಗೇತಿ' ಅನ್ನುತ್ತಾನೆ, ಇನ್ನೊಬ್ಬ 'ಆಯಿ, ಭೂಕ್ ಲಾಗ್ಲಿ' ಅನ್ನುತ್ತಾನೆ. ಅಥಣಿಯಲ್ಲಿರಲಿ, ಮಿರಜಿಗೆ ಅಂಟಿಕೊಂಡ ಕಾಗವಾಡದಲ್ಲಿರಲಿ, ಎರಡು ಭಾಷೆ ನಮಗೆ ಹೊಸದಲ್ಲ. ಹಸಿವಿಗೆ ಮನೆಯ ಮಾತು, ಶೌರ್ಯಕ್ಕೂ ಬೆರಗಿಗೂ ಬೇರೆಯ ಮಾತು ಎಂಬ ಈ ಹಂಚಿಕೆ ಹೊಸದು. ಹಿಂದಿಯ ಮೇಲೆ ನನಗೆ ಮುನಿಸಿಲ್ಲ. ಆದರೆ ಕನಸು ಕಾಣುವ ಕೆಲಸದಿಂದ ಮನೆಯ ಮಾತಿಗೆ ರಜೆ ಕೊಟ್ಟರೆ ಅದು ಎಷ್ಟು ದಿನ ಬದುಕೀತು?

ಇದು ಒಂದೇ ದಿನದಲ್ಲಿ ಆದದ್ದಲ್ಲ. ದೂರದರ್ಶನದ ಭಾನುವಾರದ 'ಜಂಗಲ್ ಬುಕ್' ಜಪಾನಿನಲ್ಲಿ ತಯಾರಾದದ್ದು. ಮೌಗ್ಲಿ ನಮ್ಮ ಮನೆಗೆ ಹಿಂದಿ ಕಲಿತುಕೊಂಡು ಬಂದ. 1994ರಲ್ಲಿ 'ಜುರಾಸಿಕ್ ಪಾರ್ಕ್' ಕೂಡ ಹಿಂದಿಯಲ್ಲಿ ಬಂತು. ಕನ್ನಡಕ್ಕೆ ಇವು ಬರುವಂತಿರಲಿಲ್ಲ. 1960ರ ದಶಕದ ಚಳವಳಿಯಿಂದ ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ಕಟ್ಟುಪಾಡು ನಿಂತಿತ್ತು. ಅದು ಸರಕಾರದ ಕಾನೂನಲ್ಲ, ಉದ್ಯಮದ ಕಟ್ಟಳೆ. ಆ ಕಾಲಕ್ಕೆ ಅದಕ್ಕೆ ಕಾರಣವೂ ಇತ್ತು. ಎಳೆಯ ಉದ್ಯಮ, ಕೆಲವೇ ಚಿತ್ರಗಳು. ಪಕ್ಕದ ಭಾಷೆಯ ದೊಡ್ಡ ಚಿತ್ರಗಳು ಡಬ್ಬಾಗಿ ಬಂದರೆ ಇಲ್ಲಿಯ ನಟರಿಗೂ ತಂತ್ರಜ್ಞರಿಗೂ ಅನ್ನವಿರುತ್ತಿರಲಿಲ್ಲ. ಆದರೆ ಕಾರ್ಟೂನು ಇಲಿ ಬೆಕ್ಕುಗಳು ಯಾವ ಕನ್ನಡ ನಟನ ಅನ್ನ ಕಸಿಯುತ್ತಿದ್ದವು? ಡಬ್ಬಿಂಗ್ ಆಗಿದ್ದರೆ ಇಲ್ಲಿಯ ನಾಲ್ಕು ಕಲಾವಿದರಿಗೆ ದನಿ ಕೊಡುವ ಕೆಲಸವಾದರೂ ಸಿಗುತ್ತಿತ್ತು. ಭಾರತ ಸ್ಪರ್ಧಾ ಆಯೋಗ ಈ ಕಟ್ಟಳೆಗೆ ವಿರುದ್ಧವಾಗಿ ಆದೇಶ ಕೊಟ್ಟದ್ದು 2015ರಲ್ಲಿ. ಆ ಹೊತ್ತಿಗೆ ಎರಡು ತಲೆಮಾರಿನ ಮಕ್ಕಳು ಬೆಳೆದು ದೊಡ್ಡವರಾಗಿದ್ದರು.

ಈಗ ಬಾಗಿಲು ತೆರೆದಿದೆ. 2022ರ 'ಅವತಾರ್' ಎರಡನೆಯ ಭಾಗ ಕನ್ನಡದಲ್ಲಿ ಬಂತು. 2023ರ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರ ಬಂದದ್ದು ಹತ್ತು ಭಾಷೆಗಳಲ್ಲಿ; ಅದರಲ್ಲಿ ಕನ್ನಡವೂ ಇತ್ತು, ಮರಾಠಿಯೂ ಇತ್ತು. ಓಣಿಯ ಇಬ್ಬರು ಹುಡುಗರೂ ಒಂದೇ ಚಿತ್ರವನ್ನು ತಮ್ಮ ತಮ್ಮ ಮಾತಿನಲ್ಲಿ ನೋಡಬಹುದಾಗಿತ್ತು. ಆದರೆ ಡಬ್ಬಿಂಗಿನ ಕನ್ನಡವೇನು, ನಮ್ಮ ಕನ್ನಡವೆ? ಬೆಂಗಳೂರಿನ ಸ್ಟುಡಿಯೋದ, ವಾರ್ತೆ ಓದುವಂಥ ಕನ್ನಡ ಅದು. ವೀರರೆಲ್ಲ ಗ್ರಂಥದ ಭಾಷೆ ಆಡಿದರೆ ಆಡಲಿ, ನಮ್ಮ ಭಾಗವತನೂ ಹಾಗೆ ಆಡುತ್ತಿದ್ದ. ಅವನ ಪಕ್ಕದಲ್ಲಿ ಮಣ್ಣಿನ ಮಾತಾಡುವ ದೂತಿ ಒಬ್ಬಳು ಬೇಕಲ್ಲ, ಅವಳೇ ಅಲ್ಲಿ ಇಲ್ಲ.

ಈ ಸರಣಿಗಳ ಇನ್ನೊಂದು ಚಟ ನನಗೆ ಸೇರುವುದಿಲ್ಲ: ಮುಗಿಸದಿರುವುದು. ನಾನು ಈಗ ಹೇಳಿದ 2023ರ ಚಿತ್ರ ಕಥೆಯ ನಡುವೆಯೇ ನಿಂತುಹೋಯಿತು. ಮುಂದಿನ ಭಾಗ 2024ರ ಮಾರ್ಚಿಗೆ ಎಂದಿದ್ದರು; ಆ ವರ್ಷ ಬರಲೇ ಇಲ್ಲ, ದಿನಾಂಕ ಮುಂದಕ್ಕೆ ಹೋಯಿತು. ಪಾರಿಜಾತದವರು ಬೆಳಗಿನ ಜಾವ ಮಂಗಳ ಹಾಡಿಯೇ ಬಣ್ಣ ತೊಳೆಯುತ್ತಿದ್ದರು. ಭಾಮೆಯನ್ನು ಮುನಿದ ಮುಖದಲ್ಲಿಯೇ ಬಿಟ್ಟು ಉಳಿದದ್ದಕ್ಕೆ ಬರುವ ವರ್ಷ ಬನ್ನಿ ಎಂದಿದ್ದರೆ ಜನ ಬಿಡುತ್ತಿದ್ದರೆ?

ನಮ್ಮವರೂ ಈಗ ಈ ದಾರಿ ಹಿಡಿದಿದ್ದಾರೆ. ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ' 2025ರ ಜುಲೈ 25ರಂದು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಭಾರತದ ಅನಿಮೇಷನ್ ಚಿತ್ರಗಳಲ್ಲಿ ಅಷ್ಟು ಹಣ ಗಳಿಸಿದ್ದು ಅದಕ್ಕೂ ಮೊದಲು ಬೇರೆ ಇರಲಿಲ್ಲ. ನರಸಿಂಹನ ಕಾಳಗ ಕಣ್ಣಿಗೆ ಹಬ್ಬ ನಿಜ. ಆದರೂ ನನಗೆ 1983ರ 'ಭಕ್ತ ಪ್ರಹ್ಲಾದ' ನೆನಪಾಗುತ್ತಲೇ ಇತ್ತು. ರಾಜಕುಮಾರರ ಹಿರಣ್ಯಕಶಿಪು ಆರ್ಭಟಿಸುವಾಗಲೂ ಮಗನ ಮುಂದೆ ಸೋಲುವ ತಂದೆಯಾಗಿದ್ದ. ಎದುರಿಗಿದ್ದವನು ಅವರ ಸ್ವಂತ ಮಗ, ಮುಂದೆ ಪುನೀತ್ ಎಂದು ಹೆಸರಾದ ಬಾಲಕ ಲೋಹಿತ್. ಕಂಪ್ಯೂಟರಿನ ರಕ್ಕಸನಿಗೆ ಸ್ನಾಯುಗಳಿದ್ದವು, ಆ ತಳಮಳ ಅಷ್ಟಾಗಿ ಇರಲಿಲ್ಲ.

ಈ ಸರಣಿಯನ್ನು 2037ರವರೆಗೆ ಎಳೆಯುವ ಯೋಜನೆ ಪ್ರಕಟವಾಗಿದೆ. ಮುಂದಿನದು ಪರಶುರಾಮ, 2027ಕ್ಕೆ ಎಂದು ಘೋಷಿಸಿದ್ದಾರೆ. ಪರಶುರಾಮನೆಂದರೆ ನಮಗೆ ಸವದತ್ತಿಯ ಎಲ್ಲಮ್ಮನ ಮಗ. ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವ ನಿಪ್ಪಾಣಿ, ಕೊಲ್ಲಾಪುರ, ಸಾಂಗಲಿಯ ಜನಕ್ಕೆ ರೇಣುಕೆ, ಜಮದಗ್ನಿಯರ ಕಥೆ ಚೌಡಕಿಯ ಹಾಡಿನಲ್ಲಿ ಬಾಯಿಪಾಠ. ಆ ಹಾಡು ಕನ್ನಡದಲ್ಲೂ ಇದೆ, ಮರಾಠಿಯಲ್ಲೂ ಇದೆ. ಗಂಡನ ಮಾತಿಗೆ ಮಗನೇ ಕೊಡಲಿ ಎತ್ತಿದಾಗ ರೇಣುಕೆ ಏನು ಹೇಳುತ್ತಾಳೆ ಎಂಬಲ್ಲಿಗೆ ಬಂದಾಗ ಚೌಡಕಿಯ ತಂತಿ ಬಿಗಿಯುವುದನ್ನು ಕೇಳಿದವರು ಇಲ್ಲಿಯೂ ಇದ್ದೀರಿ. ಚಿತ್ರ ಬಂದರೆ ನಾನು ಕನ್ನಡದಲ್ಲಿಯೇ ನೋಡುತ್ತೇನೆ. ಕೊಡಲಿ ಎಷ್ಟು ಹೊಳೆಯಿತು ಎಂದಲ್ಲ, ಆ ತಾಯಿ ಆ ಹೊತ್ತಿನಲ್ಲಿ ಬಾಯಿ ತೆರೆಯುತ್ತಾಳೆಯೆ, ತೆರೆದರೆ ಯಾರ ಮಾತಿನಲ್ಲಿ ತೆರೆಯುತ್ತಾಳೆ ಎಂದು ನೋಡಬೇಕಾಗಿದೆ.