ಗಾಡಿ ಹತ್ತೋ ಮುಂಚೆ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಯಾದಗಿರಿ ಸ್ಟೇಷನ್ನಿಗೆ ಯಾವತ್ತಾದರೂ ಹೋಗಿ ನಿಂತು ನೋಡಿ. ಒಂದಾದರೂ ಎಳೇ ಸಂಸಾರ ಕಾಣಿಸುತ್ತದೆ. ಗಂಡ, ಹೆಂಡತಿ, ಕೈ ಹಿಡಿದ ಒಂದು ಮಗು, ಕಂಕುಳಲ್ಲಿ ಇನ್ನೊಂದು. ಒಂದು ಚೀಲದಲ್ಲಿ ಬಟ್ಟೆ, ಇನ್ನೊಂದರಲ್ಲಿ ಜೋಳದ ಹಿಟ್ಟು, ದಾರಿಗೆ ಕಟ್ಟಿಕೊಂಡ ರೊಟ್ಟಿ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ದಿಕ್ಕಿಗೆ ಹೋದರೆ ಬೆಂಗಳೂರು, ಇನ್ನೊಂದು ದಿಕ್ಕಿಗೆ ಹೋದರೆ ಪುಣೆ, ಮುಂಬೈ. ಯಾವ ಕಡೆ ಮೇಸ್ತ್ರಿ ಕರೆದನೋ, ಯಾವ ಕಡೆ ಅಣ್ಣನೋ ಭಾವನೋ ಮೊದಲೇ ಹೋಗಿದ್ದಾನೋ ಆ ಕಡೆಯ ಗಾಡಿ ಹತ್ತುತ್ತಾರೆ. ಕೂಲಿ ಎರಡೂ ಕಡೆ ಸಿಗುತ್ತದೆ. ತಗಡಿನ ಶೆಡ್ಡೂ ಎರಡೂ ಕಡೆ ಒಂದೇ. ಆದರೆ ಕಂಕುಳಲ್ಲಿರೋ ಮಗುವಿನ ಹಕ್ಕು ಎರಡೂ ಕಡೆ ಒಂದೇ ಅಲ್ಲ. ಇದನ್ನ ಆ ತಾಯಿಗೆ ಯಾರೂ ಹೇಳಿಲ್ಲ. ಓದಿದ ನಾವು ಹೇಳಬೇಕು. ಅದಕ್ಕೇ ಈ ಮಾತು.

ಊರು ಬಿಡಬೇಡಿ ಅಂತ ಹೇಳೋಕೆ ನಾವು ಬಂದಿಲ್ಲ. ಊರು ನಮಗೇನು ಕೊಟ್ಟಿದೆ? ಊರ ಹೊರಗೆ ಕೇರಿ ಕೊಟ್ಟಿದೆ, ಹೋಟೆಲಿನಲ್ಲಿ ಬೇರೆ ಲೋಟ ಕೊಟ್ಟಿದೆ, ಗೌಡರ ಹೊಲದಲ್ಲಿ ಜೀತ ಕೊಟ್ಟಿದೆ. ಹಳ್ಳಿಗಳೇ ಭಾರತದ ಆತ್ಮ ಅಂತ ಹಾಡುತ್ತಿದ್ದವರ ಎದುರಿಗೆ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ನಿಂತು, ಹಳ್ಳಿ ಅನ್ನೋದು ಅಜ್ಞಾನದ, ಸಣ್ಣಬುದ್ಧಿಯ ಗುಂಡಿ ಎಂಬರ್ಥದ ಮಾತು ಹೇಳಿದರು. ಅವರ ತಂದೆ ರಾಮಜಿ ಸಕ್ಪಾಲರು ಸಂಸಾರವನ್ನು ಸಾತಾರಾದಿಂದ ಮುಂಬೈಗೆ ತಂದರು. ಪರೇಲ್ ಭಾಗದ ಚಾಳಿನಲ್ಲಿ ಒಂದೇ ಕೋಣೆ. ಆ ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಓದಿದ ಹುಡುಗ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ 1907ರಲ್ಲಿ ಮೆಟ್ರಿಕ್ ಪಾಸಾದ. ಮಗನ ಓದಿಗಾಗಿ ಶಹರ ಸೇರಿದ ಅಪ್ಪನ ಬೆಲೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಪಟ್ಟಣಕ್ಕೆ ಹೋದರೆ ಜಾತಿ ಹೋಗುತ್ತದೆ ಅನ್ನೋದು ಅರ್ಧ ಸತ್ಯ. ಅದೇ ಹುಡುಗ ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದಾಗ ಇರೋಕೆ ಒಂದು ರೂಮು ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಇದ್ದರೆ, ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಇವತ್ತು ದೊಣ್ಣೆ ತರೋದಿಲ್ಲ. "ನೀವು ಯಾವ ಜನ?" ಅಂತಾರೆ. "ಮನೇಲಿ ನಾನ್‌ವೆಜ್ ಮಾಡ್ತೀರಾ?" ಅಂತಾರೆ. ಆಮೇಲೆ, "ರೂಮು ನಿನ್ನೇನೇ ಹೋಯ್ತಪ್ಪ" ಅಂತಾರೆ. ಬೋರ್ಡು ಮಾತ್ರ ತಿಂಗಳುಗಟ್ಟಲೆ ಅಲ್ಲೇ ನೇತಾಡುತ್ತಿರುತ್ತದೆ.

ಮನೆ ಕೊಡದವರ ಜೊತೆ ಜಗಳ ಮಾಡೋದು ನಮಗೆ ಗೊತ್ತಿದೆ. ಗೊತ್ತಿಲ್ಲದ್ದು ಕಾಗದದ ಜಗಳ. ಸಂವಿಧಾನದ 341ನೇ ವಿಧಿಯ ಪ್ರಕಾರ ಪರಿಶಿಷ್ಟ ಜಾತಿಗಳ ಪಟ್ಟಿ ದೇಶಕ್ಕೆಲ್ಲ ಒಂದೇ ಅಲ್ಲ, ರಾಜ್ಯಕ್ಕೊಂದು ಪಟ್ಟಿ. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಬದುಕು ಹುಡುಕಿಕೊಂಡು ಇನ್ನೊಂದು ರಾಜ್ಯಕ್ಕೆ ಹೋದರೆ ಅವನು ತನ್ನ ಮೂಲ ರಾಜ್ಯದ ಪರಿಶಿಷ್ಟ ಜಾತಿಯವನಾಗಿಯೇ ಉಳಿಯುತ್ತಾನೆ. ಹೋದ ರಾಜ್ಯದ ಮೀಸಲಾತಿ ಅವನಿಗಿಲ್ಲ. 1985ರಲ್ಲಿ ಕೇಂದ್ರ ಗೃಹ ಇಲಾಖೆ ಹೀಗೆಂದು ಬರೆಯಿತು.

1990ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ವಿದ್ಯಾರ್ಥಿಯ ಕೇಸು ಬಂತು. ಹುಟ್ಟಿದ್ದು ಆಂಧ್ರದ ತೆನಾಲಿ. ಅಪ್ಪನಿಗೆ ಪರಿಶಿಷ್ಟ ಪಂಗಡದ ಕೋಟಾದಲ್ಲಿ ಕೇಂದ್ರ ಸರ್ಕಾರದ ಉದ್ದಿಮೆಯಲ್ಲಿ ನೌಕರಿ ಸಿಕ್ಕಿತ್ತು. ಮಗ ಒಂಬತ್ತು ವರ್ಷದವನಿದ್ದಾಗ ಸಂಸಾರ ಮುಂಬೈಗೆ ಬಂತು. ಹುಡುಗ ಹನ್ನೆರಡನೇ ಕ್ಲಾಸಿನವರೆಗೂ ಅಲ್ಲೇ ಓದಿದ. ಮೆಡಿಕಲ್ ಸೀಟಿಗೆ ಹೋದರೆ, ನೀನು ಆಂಧ್ರದ ಪರಿಶಿಷ್ಟ, ಮಹಾರಾಷ್ಟ್ರದವನಲ್ಲ ಅಂದರು. ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಪ್ಪನಿಗೆ ಅನ್ನ ಕೊಟ್ಟ ಸರ್ಟಿಫಿಕೇಟು ಮಗನಿಗೆ ಸೀಟು ಕೊಡಲಿಲ್ಲ. 2018ರಲ್ಲಿ ಇನ್ನೊಂದು ಐವರ ಪೀಠ ಅದೇ ಮಾತನ್ನು ಗಟ್ಟಿ ಮಾಡಿತು.

ನಮ್ಮ ಜಾತಿಯ ಹೆಸರು ಅಲ್ಲಿನ ಪಟ್ಟಿಯಲ್ಲೂ ಇದೆಯಲ್ಲ ಅಂತ ನೀವು ಕೇಳಬಹುದು. ಹೆಸರಿದ್ದರೆ ಸಾಲದು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳಿದರೆ, 1950ರ ಆಗಸ್ಟ್ 10ಕ್ಕೆ ನಿಮ್ಮ ಮನೆತನ ಇಲ್ಲಿತ್ತೇ ಅಂತ ದಾಖಲೆ ಕೇಳುತ್ತಾರೆ. ರಾಷ್ಟ್ರಪತಿಗಳ ಆದೇಶ ಹೊರಟ ದಿನ ಅದು. ಆ ದಿನ ನಮ್ಮ ತಾತ ಎಲ್ಲಿದ್ದ? ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದ. ಅವನಿಗೆ ಹೊಲವಿಲ್ಲ, ಪಹಣಿ ಇಲ್ಲ, ಶಾಲೆ ಇಲ್ಲ. ದಾಖಲೆ ಎಲ್ಲಿಂದ ತರೋದು? ಇನ್ನೊಂದು ಮಾತು ನೋಡಿ. ಆ ದಿನ ವಿಜಾಪುರವೂ ಮುಂಬೈಯೂ ಒಂದೇ ಮುಂಬೈ ರಾಜ್ಯದಲ್ಲಿದ್ದವು. ಗುಲ್ಬರ್ಗ, ರಾಯಚೂರು, ನಾಂದೇಡ್ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಗೆರೆ ಎಳೆದದ್ದು 1956ರ ನವೆಂಬರ್ 1ರಂದು. ಗೆರೆ ಎಳೆದವರು ನಮ್ಮನ್ನ ಕೇಳಿ ಎಳೆಯಲಿಲ್ಲ.

ಲಂಬಾಣಿ ತಾಂಡಾಗಳ ಗೆಳೆಯರು ಇಲ್ಲಿದ್ದೀರಿ. ನಿಮ್ಮ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಭಾಷೆ, ಒಂದೇ ದೇವರು, ಮೂರು ಪಟ್ಟಿ. ಗುಳೆ ಹೋದವನಿಗೆ ಅಲ್ಲಿನ ಯಾವುದೂ ಇಲ್ಲ.

ಇದು ಇಲ್ಲಿಗೆ ಮುಗಿಯೋದಿಲ್ಲ. ಮಗು ಪುಣೆಯಲ್ಲಿ ಓದಿ ಇಲ್ಲಿಗೆ ಬಂದು ಸಿಇಟಿಗೆ ಕೂತರೆ, ಸಾಮಾನ್ಯ ನಿಯಮದಂತೆ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ಲೆಕ್ಕ ಕೇಳುತ್ತಾರೆ. ಬೇರೆ ಕೆಲವು ಕಲಮುಗಳಿವೆ, ನಿಜ. ಆದರೆ ಅವುಗಳಲ್ಲಿ ಹಲವು ಅಪ್ಪ ಅವ್ವ ಓದಿದವರಾಗಿದ್ದರೆ, ನೌಕರಿಯಲ್ಲಿದ್ದರೆ ಉಪಯೋಗಕ್ಕೆ ಬರೋ ಅಂಥವು. ಇಟ್ಟಿಗೆ ಹೊತ್ತವರ ಮಗುವಿಗೆ ಏನು? ಅಲ್ಲಿ, ನೀನು ನಮ್ಮ ಪಟ್ಟಿಯವನಲ್ಲ. ಇಲ್ಲಿ, ನೀನು ನಮ್ಮ ರಾಜ್ಯದಲ್ಲಿ ಓದಿದವನಲ್ಲ. ಊರ ಬಾವಿಯೂ ಇಲ್ಲ, ಕೇರಿಯ ಬಾವಿಯೂ ಇಲ್ಲ.

ಕೋರ್ಟು ಕೊಟ್ಟ ಕಾರಣವನ್ನೂ ಕೇಳಿಸಿಕೊಳ್ಳೋಣ. ಹೊರಗಿನಿಂದ ಬಂದವರು ಸೀಟು ಹಿಡಿದರೆ ಅಲ್ಲಿನ ಬಡ ದಲಿತರ ಪಾಲು ಕಡಿಮೆಯಾಗುತ್ತದೆ ಅನ್ನೋದು ಅದರ ಒಂದು ಮಾತು. ಈ ಮಾತಿನಲ್ಲಿ ಹುರುಳಿದೆ. ಮಹಾರಾಷ್ಟ್ರದ ಮಹಾರರ, ಮಾಂಗರ ಮಕ್ಕಳ ತಟ್ಟೆಗೆ ಕೈ ಹಾಕೋದು ನಮ್ಮ ಹೋರಾಟವಲ್ಲ. ಆದರೆ ಜಾತಿ ನೋಡಿ ರೂಮು ಕೊಡದವನು ರಾಜ್ಯದ ಪಟ್ಟಿ ನೋಡಿ ಕೊಡೋದಿಲ್ಲ. ಅವಮಾನ ಗಡಿ ದಾಟುತ್ತದೆ, ಪರಿಹಾರ ಮಾತ್ರ ಗಡಿಯಲ್ಲೇ ನಿಲ್ಲುತ್ತದೆ. ಇದು ಯಾವ ನ್ಯಾಯ? ವಲಸೆ ಬಂದ ದಲಿತ ಮಕ್ಕಳಿಗೆ, ಅಲ್ಲಿನವರ ಪಾಲು ಮುಟ್ಟದೆ, ಪ್ರತ್ಯೇಕವಾಗಿ ಹೆಚ್ಚಿನ ಸೀಟು ಕೊಡಿ ಅಂತ ನಾವು ಕೇಳಬೇಕು. ಮೂಲ ರಾಜ್ಯವೂ, ನಮ್ಮ ಮಗು ಎಲ್ಲಿ ಓದಿದರೂ ನಮ್ಮದೇ ಅಂತ ನಿಯಮ ಬರೆಯಲಿ.

ಆ ದಿನ ಬರೋವರೆಗೆ ಮಗು ಬೆಳೀತಾ ಇರುತ್ತದೆ. ಆದ್ದರಿಂದ ಇವತ್ತೇ ಮಾಡೋ ಕೆಲಸ ಇದೆ.

ಒಂದು. ಗಾಡಿ ಹತ್ತೋ ಮುಂಚೆ ನಾಡಕಚೇರಿಗೆ ಹೋಗಿ ಅಪ್ಪ, ಅವ್ವ, ಮಕ್ಕಳು ಎಲ್ಲರ ಜಾತಿ ಪ್ರಮಾಣಪತ್ರ ಮಾಡಿಸಿ. ಮಗುವಿನ ಜನನ ಪತ್ರ ತಗೊಳ್ಳಿ. ಇವು ಚೀಲದಲ್ಲಿ ರೊಟ್ಟಿಗಿಂತ ಮೊದಲು ಹೋಗಬೇಕು.

ಎರಡು. ಅಲ್ಲಿನ ಶಾಲೆಯವರು ಟಿ.ಸಿ. ಇಲ್ಲ ಅಂತ ಮಗುವನ್ನು ಹಿಂದಕ್ಕೆ ಕಳಿಸೋ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೇ ಕ್ಲಾಸಿನವರೆಗೆ ಇದನ್ನ ಸ್ಪಷ್ಟವಾಗಿ ಹೇಳಿದೆ. ಕಾನೂನಿನ ಹೆಸರು ಹೇಳಿ ಜೋರಾಗಿ ಮಾತಾಡಿ.

ಮೂರು. ಕೇಂದ್ರ ಸರ್ಕಾರದ ನೌಕರಿ, ಐಐಟಿ, ಕೇಂದ್ರೀಯ ವಿಶ್ವವಿದ್ಯಾಲಯ, ಮೆಡಿಕಲ್ಲಿನ ಅಖಿಲ ಭಾರತ ಕೋಟಾ, ಇಲ್ಲೆಲ್ಲ ಮೂಲ ರಾಜ್ಯದ ಸರ್ಟಿಫಿಕೇಟು ನಡೆಯುತ್ತದೆ. ಪುಣೆಯಲ್ಲಿ ಬೆಳೆದ ಮಗುವಿಗೆ ಈ ಬಾಗಿಲು ತೆರೆದಿದೆ ಅಂತ ತಿಳಿಸಿ. ಬೇರೆ ರಾಜ್ಯದಲ್ಲಿ ಕಾಲೇಜು ಓದುವವರಿಗೆ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ ಕೊಡಬೇಕಾದ್ದು ಮೂಲ ರಾಜ್ಯವೇ.

ನಾಲ್ಕು. ಜಾತಿ ಹೆಸರಿಡಿದು ಬೈದರೆ, ಹೊಡೆದರೆ, ಇದು ನಮ್ಮ ಊರಲ್ಲ ಅಂತ ಸುಮ್ಮನಾಗಬೇಡಿ. ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆ ದೇಶದ ಯಾವ ಭಾಗಕ್ಕೆ ಹೋದರೂ ಉಂಟು ಎಂದು 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಹೇಳಿದೆ.

ಐದು. ಬೆಂಗಳೂರು, ಪುಣೆ ಎರಡರಲ್ಲೂ ಕೆಲಸ ಸಿಗೋ ಹಾಗಿದ್ದರೆ ಈ ಲೆಕ್ಕ ಹಾಕಿ ಆರಿಸಿ. ಐವತ್ತು ರೂಪಾಯಿ ಹೆಚ್ಚು ಕೂಲಿ ಇವತ್ತಿನದು. ಮಗುವಿನ ಸೀಟು ಹದಿನೈದು ವರ್ಷದ ಮೇಲಿನದು.

ಇಲ್ಲಿ ಕೂತ ನಿಮ್ಮಲ್ಲಿ ಕೆಲವರ ಅಪ್ಪ ಅವ್ವ ಈಗ ಪುಣೆಯ ಬಿಲ್ಡಿಂಗ್ ಕೆಲಸದಲ್ಲೇ ಇರಬಹುದು. ನಿಮ್ಮನ್ನ ಅಜ್ಜಿಯ ಹತ್ತಿರ, ಹಾಸ್ಟೆಲಿನಲ್ಲಿ ಬಿಟ್ಟು ಹೋದರು. ಮಗುವನ್ನ ಬಿಟ್ಟು ಹೋದರೆ ತಾಯಿ ಇಲ್ಲ, ಕರಕೊಂಡು ಹೋದರೆ ಹಕ್ಕಿಲ್ಲ. ಈ ಎರಡರಲ್ಲಿ ಒಂದನ್ನ ಆರಿಸು ಅಂತ ಬಡವರಿಗೆ ಹೇಳೋ ವ್ಯವಸ್ಥೆಯನ್ನ ನಾವು ಒಪ್ಪೋದಿಲ್ಲ.

ಮುಂದಿನ ರಜಕ್ಕೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಕೇರಿಯ ಮನೆಮನೆಗೂ ಹೋಗಿ. ಯಾವ ಮನೆಯಿಂದ ಯಾರು ಹೋಗಿದ್ದಾರೆ, ಎಲ್ಲಿಗೆ, ಮಕ್ಕಳೆಷ್ಟು, ಸರ್ಟಿಫಿಕೇಟು ಇದೆಯೋ ಇಲ್ಲವೋ ಬರಕೊಳ್ಳಿ. ಇಲ್ಲದವರಿಗೆ ಅರ್ಜಿ ತುಂಬಿಕೊಡಿ. ಹಬ್ಬಕ್ಕೆ ಅಂತ ಊರಿಗೆ ಬಂದವರನ್ನ ಕೂರಿಸಿಕೊಂಡು ಈ ಐದು ಮಾತು ಹೇಳಿ. ಆ ನೋಟ್‌ಬುಕ್ಕುಗಳನ್ನೆಲ್ಲ ಒಂದು ಕಡೆ ಸೇರಿಸಿದರೆ ಸರ್ಕಾರದ ಮುಂದೆ ಇಡೋಕೆ ನಮ್ಮ ಬೇಡಿಕೆಗೆ ಆಧಾರ ಸಿಗುತ್ತದೆ. ಕೆಲಸ ಸಣ್ಣದು ಅನ್ನಿಸಬಹುದು. ಆದರೆ ನಮ್ಮ ತಾತನ ಹತ್ತಿರ ಇಲ್ಲದೇ ಹೋದದ್ದು ಒಂದು ಕಾಗದವೇ.

ಜೈ ಭೀಮ್.